ಮನೀಶ್ ನಗರದ ಹರಟೆ: ರಸ್ತೆ ಸಾಹಸಗಳ ಹಿಂದೆ ಒಂದು ದಿನದ ರಜೆ

ನಾಗಪುರ: ವಾರ್ಧಾ ರಸ್ತೆಯ ಪಕ್ಕದಲ್ಲಿ ರೈಲು ಹಳಿಯ ಆಚೆಗಿರುವ ಮನೀಶ್ ನಗರವೆಂದರೆ ಹಳಬರಿಗೆ ಮೊದಲು ನೆನಪಾಗುವುದು ರೈಲ್ವೆ ಗೇಟು. ನಾಗಪುರ–ವಾರ್ಧಾ ಮಾರ್ಗದಲ್ಲಿ ರೈಲುಗಳ ಓಡಾಟ ಹೆಚ್ಚು. ಗೇಟು ಒಮ್ಮೆ ಬಿದ್ದಿತೆಂದರೆ ಒಂದೇ ರೈಲಿಗೆ ಏಳುತ್ತಿರಲಿಲ್ಲ. ಕಚೇರಿಗೆ ಹೊರಟವರು, ಶಾಲೆಯ ಮಕ್ಕಳು, ತರಕಾರಿ ಗಾಡಿಯವರು ಎಲ್ಲರೂ ಅಲ್ಲಿ ಎಂಜಿನ್ ಆರಿಸಿ ನಿಲ್ಲಬೇಕಾಗಿತ್ತು. 2020ರ ನವೆಂಬರಿನಲ್ಲಿ ವಾರ್ಧಾ ರಸ್ತೆಯ ಡಬಲ್ ಡೆಕ್ಕರ್ ಸೇತುವೆಯ ಜೊತೆಗೆ ಮನೀಶ್ ನಗರದ ರೈಲ್ವೆ ಮೇಲ್ಸೇತುವೆಯೂ ಸಂಚಾರಕ್ಕೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿತು. ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ಮೆಟ್ರೊ ರೈಲು. ಹೀಗೆ 3.14 ಕಿ.ಮೀ. ಉದ್ದಕ್ಕೆ ನಿಂತಿರುವ ಈ ಕಟ್ಟಡಕ್ಕೆ 2022ರಲ್ಲಿ ಗಿನ್ನೆಸ್ ದಾಖಲೆಯ ಮನ್ನಣೆಯೂ ದೊರೆಯಿತು.

ಗೇಟು ಹೋದರೂ ಗೇಟಿನ ಕಥೆಗಳು ಹೋಗಿಲ್ಲ. ಮನೀಶ್ ನಗರ, ಬೇಸಾ, ಬೆಲ್ತರೋಡಿ ರಸ್ತೆಯ ಆಸುಪಾಸಿನಲ್ಲಿ ನೆಲೆಸಿರುವ ಹತ್ತು ಹನ್ನೆರಡು ಮಂದಿ ಕನ್ನಡಿಗರು ರವಿವಾರ ಸಂಜೆ ಒಂದೆಡೆ ಸೇರುವ ಪರಿಪಾಠವಿದೆ. ರೈಲ್ವೆ, ಕೇಂದ್ರ ಸರಕಾರದ ಕಚೇರಿ, ಶಾಲೆ, ಹೋಟೆಲು ಹೀಗೆ ಬೇರೆ ಬೇರೆ ಕಡೆ ದುಡಿದವರು, ಈಗಲೂ ದುಡಿಯುತ್ತಿರುವವರು. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ವಂತಿಗೆಯೂ ಇಲ್ಲ. ಮಾತು ತೊಗರಿಬೇಳೆಯ ದರದಿಂದ ಆರಂಭವಾದರೂ ಕೊನೆಗೆ ಬಂದು ಮುಟ್ಟುವುದು ಒಂದೇ ವಿಷಯಕ್ಕೆ. ಯಾರ ಗಾಡಿ ಎಲ್ಲಿ ಕೆಟ್ಟಿತು, ಯಾರು ಯಾವ ಘಾಟಿಯಲ್ಲಿ ಸಿಕ್ಕಿಕೊಂಡರು, ಯಾರು ಎಷ್ಟು ಗಂಟೆಯಲ್ಲಿ ಊರು ಸೇರಿದರು ಎಂಬುದಕ್ಕೆ. ಹೆಸರು ಬೇಡವೆಂಬುದು ಎಲ್ಲರ ಒಕ್ಕೊರಲಿನ ಮಾತಾದ್ದರಿಂದ ಇಲ್ಲಿ ಅವರನ್ನು ಊರಿನಿಂದ, ಉದ್ಯೋಗದಿಂದ ಮಾತ್ರ ಗುರುತಿಸಲಾಗಿದೆ.

ಮನೆ ಬಾಗಿಲಿನಿಂದಲೇ ಊರ ದಾರಿ

ಈ ಭಾಗದ ಕನ್ನಡಿಗರಿಗೆ ರಸ್ತೆಯ ಮಾತು ಇಷ್ಟು ಹತ್ತಿರವಾಗಲು ಕಾರಣವಿದೆ. ಮನೀಶ್ ನಗರದಿಂದ ವಾರ್ಧಾ ರಸ್ತೆಗೆ ಇಳಿದು ಎಡಕ್ಕೆ ತಿರುಗಿದರೆ ಅದೇ ರಸ್ತೆ ಬುಟಿಬೋರಿ, ಹಿಂಗಣಘಾಟ್, ಪಾಂಢರಕವಡಾ ದಾಟಿ ನೇರವಾಗಿ ಬೆಂಗಳೂರಿಗೆ ಹೋಗುತ್ತದೆ. ವಾರಾಣಸಿಯಿಂದ ಕನ್ಯಾಕುಮಾರಿಯವರೆಗೆ 2,369 ಕಿ.ಮೀ. ಉದ್ದವಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 7 ಹಿಂದೆ ದೇಶದಲ್ಲೇ ಅತಿ ಉದ್ದದ ಹೆದ್ದಾರಿಯಾಗಿತ್ತು. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ನಾಗಪುರದಿಂದ ದಕ್ಷಿಣಕ್ಕೆ ಹೋಗುವ ಭಾಗ ಶ್ರೀನಗರ–ಕನ್ಯಾಕುಮಾರಿಯ 44ನೇ ಹೆದ್ದಾರಿಗೆ ಸೇರಿತು. ಹಳಬರ ಬಾಯಲ್ಲಿ ಅದು ಇನ್ನೂ 'ಸೆವೆನ್'.

ನಾಗಪುರದಿಂದ ಹೈದರಾಬಾದಿಗೆ ಸುಮಾರು 500 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಮತ್ತೆ ಸುಮಾರು 570. ದಾರಿಯಲ್ಲಿ ವರ್ಧಾ, ಪೈನ್‌ಗಂಗಾ, ಗೋದಾವರಿ, ಕೃಷ್ಣಾ, ತುಂಗಭದ್ರಾ, ಪೆನ್ನಾರ್ ನದಿಗಳನ್ನು ದಾಟಬೇಕು. ಪೈನ್‌ಗಂಗಾ ದಾಟಿದರೆ ತೆಲಂಗಾಣದ ಆದಿಲಾಬಾದ್, ತುಂಗಭದ್ರೆ ದಾಟಿದರೆ ಆಂಧ್ರದ ಕರ್ನೂಲು. ಅನಂತಪುರ, ಪೆನುಕೊಂಡ ಕಳೆದು ಬಾಗೇಪಲ್ಲಿ ಬಂದಾಗ ಮಾತ್ರ ಅಂಗಡಿಗಳ ಬೋರ್ಡಿನಲ್ಲಿ ಕನ್ನಡ ಕಾಣುತ್ತದೆ. ಆ ಮೊದಲ ಕನ್ನಡ ಬೋರ್ಡು ಓದುವ ಆಸೆಯೇ ಅನೇಕರನ್ನು ರಾತ್ರಿಯಿಡೀ ಸ್ಟೇರಿಂಗ್ ಹಿಡಿಸುತ್ತದೆ ಎಂದರೆ ತಪ್ಪಾಗಲಾರದು.

ಗೇಟಿನ ಮುಂದೆ ಪ್ರದಕ್ಷಿಣೆ

ಹರಟೆಯಲ್ಲಿ ಹೆಚ್ಚು ಬೇಡಿಕೆಯಿರುವುದು ಧಾರವಾಡದ ಕಡೆಯ ನಿವೃತ್ತ ರೈಲ್ವೆ ನೌಕರರ ಸ್ಕೂಟರ್ ಕಥೆಗೆ. 1996ರ ಸುಮಾರಿನ ಮಾತು. ಹೆಂಡತಿ, ಮಗುವಿನೊಂದಿಗೆ ಸೇವಾಗ್ರಾಮ ನೋಡಿಕೊಂಡು ಹಳೆಯ ಸ್ಕೂಟರಿನಲ್ಲಿ ಮರಳುತ್ತಿದ್ದರು. ಬುಟಿಬೋರಿ ದಾಟಿದ ಮೇಲೆ ಕ್ಲಚ್ ವೈರ್ ತುಂಡಾಯಿತು. ಗಾಡಿ ಸೆಕೆಂಡ್ ಗೇರಿನಲ್ಲಿತ್ತು. ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಕಷ್ಟವೆಂದು ಅದೇ ಗೇರಿನಲ್ಲಿ, ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ, ಮನೀಶ್ ನಗರದವರೆಗೆ ಬಂದರು. ಬಂದು ನೋಡಿದರೆ ಗೇಟು ಬಿದ್ದಿದೆ.

"ಏನ್ ಮಾಡೂದ್ರಿ, ನಿಂತ್ರ ಗಾಡಿ ಮತ್ತ ಹೊಂಡೂದಿಲ್ಲ. ಗೇಟಿನ ಮುಂದಿನ ಬಯಲಾಗ ಗೋಲ್ ಗೋಲ್ ತಿರುಗಾಕ ಸುರು ಮಾಡಿದೆ. ಒಂದು ಗೂಡ್ಸ್ ಹೋತು, ಎರಡನೇದು ಹೋತು. ಕಾಯೋ ಮಂದಿಯೆಲ್ಲ ನಮ್ಮನ್ನೇ ನೋಡಾಕತ್ರು. ಹಿಂದ ಕುಂತ ಮನ್ಯಾಕಿ, 'ಇದೇನ್ರಿ ನಿಮ್ಮ ಪ್ರದಕ್ಷಿಣಿ, ಗುಡೀನೂ ಇಲ್ಲ, ದೇವರೂ ಇಲ್ಲ' ಅಂತ ಬೈಯಾಕತ್ತಿದ್ಲು" ಎಂದು ಅವರು ಹೇಳುವಾಗ ನಗದವರೇ ಇಲ್ಲ. ಗೇಟು ಎದ್ದಾಗ ಕಾಯುತ್ತಿದ್ದವರೇ ದಾರಿ ಬಿಟ್ಟು ಇವರನ್ನು ಮೊದಲು ದಾಟಿಸಿದರಂತೆ.

ಉಡುಪಿ ಕಡೆಯ ಹೋಟೆಲಿನವರದ್ದು ಟಯರಿನ ಕಥೆ. ಮೇ ತಿಂಗಳ ಮಧ್ಯಾಹ್ನ, ಜಾಮ್ ಬಳಿ ಅವರ ವ್ಯಾನಿನ ಮುಂದಿನ ಟಯರ್ ಸಿಡಿದು ಗಾಡಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಹಿಂದೆ ಇದ್ದ ಹಿಟ್ಟು, ಎಣ್ಣೆ ಡಬ್ಬಿಗಳೆಲ್ಲ ಒಂದಾದವು. "ನಾಗಪುರದ ಬಿಸಿಲಿಗೆ ಟಯರಿಗೂ ಹೊಟ್ಟೆ ಕೆಡ್ತದೆ ಮಾರಾಯ್ರೆ" ಎಂಬುದು ಅವರ ಮಾತು. 2013ರ ಮೇ 23ರಂದು ಈ ನಗರದಲ್ಲಿ 47.9 ಡಿಗ್ರಿ ಉಷ್ಣಾಂಶ ದಾಖಲಾಗಿದ್ದನ್ನು ನೆನೆದರೆ ಮಾತಿನಲ್ಲಿ ಉತ್ಪ್ರೇಕ್ಷೆ ಕಾಣದು.

ಬಿಸಿಲಿದೆಯೆಂದು ಟಯರಿನ ಗಾಳಿ ಇಳಿಸುವ ಅಭ್ಯಾಸ ಹಲವರಲ್ಲಿದೆ. ಇದು ತಿರುಗುಬಾಣ. ಗಾಳಿ ಕಡಿಮೆಯಾದ ಟಯರಿನ ಪಕ್ಕದ ಭಾಗ ಹೆಚ್ಚು ಬಾಗಿ ಬಾಗಿ ಇನ್ನಷ್ಟು ಕಾಯುತ್ತದೆ, ಸಿಡಿಯುವುದೂ ಅದೇ. ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟಯರ್ ತಣ್ಣಗಿರುವಾಗ, ಕಂಪನಿ ಸೂಚಿಸಿದ ಅಳತೆಗೆ ತುಂಬಿಸಬೇಕು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 1219 ಎಂದಿದ್ದರೆ 2019ರ ಹನ್ನೆರಡನೇ ವಾರ. ಹೋಟೆಲಿನವರು ಈ ಪಾಠ ಕಲಿತದ್ದು ಟಯರ್ ಸಿಡಿದ ಮೇಲೆ.

ಹಿಂದಿನ ಗಾಜಿನ ಮೇಲಿನ ಕನ್ನಡ

ಬೆಂಗಳೂರು ಮೂಲದ ಕೇಂದ್ರ ಸರಕಾರಿ ಅಧಿಕಾರಿಯೊಬ್ಬರು 2003ರ ಮಾರ್ಚಿನಲ್ಲಿ ತಮ್ಮನ ಮದುವೆಗೆ ಕುಟುಂಬ ಸಮೇತ ಹಳೆಯ ಕಾರಿನಲ್ಲಿ ಹೊರಟಿದ್ದರು. ಕಚೇರಿ ಮುಗಿಸಿ ಸಂಜೆ ಬಿಟ್ಟು, ರಾತ್ರಿಯಿಡೀ ಓಡಿಸಿ, ಮರುದಿನ ಊರು ಸೇರುವ ಯೋಜನೆ. ಆಗ ಆದಿಲಾಬಾದಿನಿಂದ ಮುಂದಿನ ರಸ್ತೆ ಕಿರಿದು. ನಿರ್ಮಲ್ ಬಳಿಯ ಮೆಹಬೂಬ್ ಘಾಟಿಯ ತಿರುವುಗಳನ್ನು ಇಳಿಯುವ ಮೊದಲೇ ಫ್ಯಾನ್ ಬೆಲ್ಟ್ ತುಂಡಾಗಿ ರೇಡಿಯೇಟರ್ ಕುದಿಯಿತು. ರಾತ್ರಿ ಹನ್ನೊಂದು ಗಂಟೆ. ಸುತ್ತ ತೇಗದ ಕಾಡು. ಕೈಯಲ್ಲಿ ಮೊಬೈಲ್ ಇರಲಿಲ್ಲ. ಹೋಗುವ ಲಾರಿಗಳಿಗೆ ಕೈ ತೋರಿಸಿದರೆ ಯಾರೂ ನಿಲ್ಲರು.

ಮುಕ್ಕಾಲು ಗಂಟೆಯ ಮೇಲೆ ಒಂದು ಲಾರಿ ಮುಂದೆ ಹೋಗಿ, ನಿಧಾನಿಸಿ, ಹಿಂದಕ್ಕೆ ಬಂತು. ನಾಗಪುರದಿಂದ ಕಿತ್ತಳೆ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಲಾರಿ. ಚಾಲಕ ಹಿರಿಯೂರಿನವನು. ಕಾರಿನ ಹಿಂದಿನ ಗಾಜಿನ ಮೇಲೆ ಕನ್ನಡ ಅಕ್ಷರದಲ್ಲಿ 'ಶ್ರೀ ರಾಘವೇಂದ್ರ' ಎಂದು ಬರೆದಿದ್ದುದು ಹೆಡ್‌ಲೈಟಿನ ಬೆಳಕಿಗೆ ಕಂಡಿತಂತೆ. "ಕನ್ನಡದೋರು ಅಂತ ಗೊತ್ತಾಯ್ತು ಸಾರ್, ಬಿಟ್ಟು ಹೋಗಕ್ಕೆ ಮನಸ್ಸಾಗ್ಲಿಲ್ಲ" ಎಂದನಂತೆ. ಅಧಿಕಾರಿಯ ಪತ್ನಿಯ ನೈಲಾನ್ ದುಪಟ್ಟಾ ಹರಿದು, ಹೊಸೆದು ಬಿಗಿದು ಫ್ಯಾನ್ ಬೆಲ್ಟಿನ ಜಾಗಕ್ಕೆ ಕಟ್ಟಿದ. ಲಾರಿಯನ್ನು ನಿಧಾನವಾಗಿ ಮುಂದೆ ಬಿಟ್ಟುಕೊಂಡು ಘಾಟಿ ಇಳಿಸಿ ನಿರ್ಮಲದ ಗ್ಯಾರೇಜಿನವರೆಗೆ ಜೊತೆಗೆ ಬಂದ. ಹಣ ಕೊಡಹೋದರೆ ಮುಟ್ಟಲಿಲ್ಲ. ಬುತ್ತಿಯಲ್ಲಿ ಚಟ್ನಿಪುಡಿ ಇದ್ದರೆ ಸ್ವಲ್ಪ ಕೊಡಿ ಎಂದು ಕೇಳಿ ಪೊಟ್ಟಣ ಕಟ್ಟಿಸಿಕೊಂಡು ಹೊರಟುಹೋದ.

ಆತನ ಹೆಸರು ಕೇಳಲು ಗಡಿಬಿಡಿಯಲ್ಲಿ ಮರೆತದ್ದು ಅಧಿಕಾರಿಗೆ ಇಂದಿಗೂ ಕೊರಗು. ಅಂದಿನಿಂದ ಅವರು ಕೊಂಡ ಪ್ರತಿಯೊಂದು ಕಾರಿನ ಹಿಂದಿನ ಗಾಜಿನಲ್ಲೂ ಕನ್ನಡ ಅಕ್ಷರವಿದೆ.

ನೀರು ಕಾಣುತ್ತದೆ, ಆಳ ಕಾಣುವುದಿಲ್ಲ

ಬೀದರ್ ಕಡೆಯ ಗುತ್ತಿಗೆದಾರರ ದಾರಿ ಬೇರೆ. ನಾಗಪುರದಿಂದ ಯವತ್ಮಾಳ, ನಾಂದೇಡ, ದೇಗ್ಲೂರ್ ಮೂಲಕ ಅವರ ಊರಿಗೆ ರಸ್ತೆಯಿದೆ. ಮಳೆಗಾಲದ ಒಂದು ರಾತ್ರಿ ಜೀಪಿನಲ್ಲಿ ಮರಳುವಾಗ ನಾಂದೇಡಕ್ಕೆ ಮೊದಲು ಒಂದು ಹಳ್ಳದ ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಬೆಳಿಗ್ಗೆ ನಾಗಪುರದಲ್ಲಿ ಕೆಲಸಕ್ಕೆ ಹಾಜರಿರಬೇಕು. ಜೊತೆಗಿದ್ದ ಹುಡುಗ ಕೋಲು ಹಿಡಿದು ಮುಂದೆ ನಡೆದ, ಇವರು ಅವನ ಹಿಂದೆ ಜೀಪು ಬಿಟ್ಟರು. ನಡುವೆ ಹೋದಾಗ ಹಿಂದಿನ ಚಕ್ರ ಎದ್ದಂತಾಗಿ ಜೀಪು ಒಂದು ಗೇಣು ಪಕ್ಕಕ್ಕೆ ಸರಿಯಿತು. ಹೇಗೋ ದಾಟಿದರು. "ದಾಟಿದ್ಮ್ಯಾಲ ಅರ್ಧಾ ತಾಸು ಕೈ ನಡಗೂದೇ ನಿಂದರಲಿಲ್ರಿ" ಎಂದು ಅವರೇ ಹೇಳುತ್ತಾರೆ.

ಇದನ್ನು ಎಷ್ಟೋ ವರ್ಷ ಶೌರ್ಯದ ಕಥೆಯಾಗಿ ಹೇಳುತ್ತಿದ್ದವರು 2022ರ ಜುಲೈ 12ರ ಬಳಿಕ ಹಾಗೆ ಹೇಳುವುದನ್ನು ಬಿಟ್ಟರು. ಅಂದು ನಾಗಪುರ ಜಿಲ್ಲೆಯ ಸಾವನೇರ್ ತಾಲೂಕಿನಲ್ಲಿ ನೀರು ಹರಿಯುತ್ತಿದ್ದ ಸೇತುವೆ ದಾಟಲು ಹೋದ ಕಾರೊಂದು ಕೊಚ್ಚಿಹೋಗಿ ಅದರಲ್ಲಿದ್ದವರು ಪ್ರಾಣ ಕಳೆದುಕೊಂಡರು. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿ ನೀರಿಗೆ ದೊಡ್ಡ ಜೀಪು ಕೂಡ ನಿಲ್ಲದು.

ಹದಿನಾರು ಗಂಟೆಯ ಹೆಮ್ಮೆ

ಇಂಥ ಕಥೆಗಳ ನಡುವೆ ಒಂದು ರವಿವಾರ ಮಿಹಾನಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ತರುಣ ಎಂಜಿನಿಯರ್ ತನ್ನ ಕಥೆ ಹೇಳಿದ. ಬೆಂಗಳೂರಿನಿಂದ ನಾಗಪುರಕ್ಕೆ ಒಬ್ಬನೇ ಕಾರು ಓಡಿಸಿಕೊಂಡು ಹದಿನಾರು ಗಂಟೆಯಲ್ಲಿ ಬಂದಿದ್ದ. ಊಟಕ್ಕೆ ಇಪ್ಪತ್ತು ನಿಮಿಷ, ಪೆಟ್ರೋಲಿಗೆ ಎರಡು ಸಲ, ಅಷ್ಟೆ. "ರಸ್ತೆ ಅಷ್ಟು ಚೆನ್ನಾಗಿದೆ ಅಂಕಲ್, ನಿಲ್ಲೋಕೇ ಮನಸ್ಸು ಬರಲ್ಲ" ಎಂದ. ಎಲ್ಲರೂ ಬೆನ್ನು ತಟ್ಟಿದರು. ಹದಿನೈದು ಗಂಟೆಯಲ್ಲಿ ಆಗಬಹುದೇ ಎಂಬ ಚರ್ಚೆಯೂ ನಡೆಯಿತು.

ಆಗ ಶಿವಮೊಗ್ಗ ಮೂಲದ ನಿವೃತ್ತ ಶಿಕ್ಷಕಿ, ಎಲ್ಲರೂ ಅಕ್ಕ ಎಂದು ಕರೆಯುವವರು, ಒಂದು ಪ್ರಶ್ನೆ ಕೇಳಿದರು. "ನಿಮ್ಮ ದೊಡ್ಡ ದೊಡ್ಡ ಕಥೆಗಳಲ್ಲೆಲ್ಲ ರಾತ್ರಿ ಯಾಕೆ ಬರುತ್ತೆ? ಹಗಲಲ್ಲಿ ಯಾಕೆ ಹೊರಡಲ್ಲ ನೀವು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ರಜೆ.

ಆಮೇಲೆ ಅವರು ಹೇಳಿದ ಸಂಗತಿಯನ್ನು ಅಷ್ಟು ವರ್ಷಗಳ ಒಡನಾಟದಲ್ಲಿ ಯಾರೂ ಕೇಳಿರಲಿಲ್ಲ. 2011ರ ಡಿಸೆಂಬರಿನಲ್ಲಿ ಮನೀಶ್ ನಗರದಲ್ಲಿ ಅವರ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಬೆಂಗಳೂರಿನಲ್ಲಿದ್ದ ತಮ್ಮ ಹೆಂಡತಿಯೊಂದಿಗೆ ಕಾರಿನಲ್ಲಿ ಹೊರಟ. ಶನಿವಾರದ ರಜೆ ಉಳಿಸಿಕೊಳ್ಳಬೇಕೆಂದು ಶುಕ್ರವಾರ ಅರ್ಧ ದಿನ ಕೆಲಸ ಮುಗಿಸಲು ಹೋಗಿ, ಮೇಲಧಿಕಾರಿ ಬೇಗ ಬಿಟ್ಟದ್ದರಿಂದ ಹನ್ನೊಂದು ಗಂಟೆಗೇ ಬಿಟ್ಟಿದ್ದ. ಹೈದರಾಬಾದಿನಲ್ಲಿ ಉಳಿದುಕೋ ಎಂದು ಅಕ್ಕ ಹೇಳಿದ್ದರು. ಆದಿಲಾಬಾದಿನಿಂದ ರಾತ್ರಿ ಫೋನ್ ಬಂತು: "ನಿದ್ದೆ ಮಾಡು ಅಕ್ಕ, ಬೆಳಿಗ್ಗೆ ತಿಂಡಿಗೆ ಮನೇಲಿರ್ತೀನಿ. ಅವಲಕ್ಕಿ ನೆನೆಸಿಡು."

ಹಿಂಗಣಘಾಟ್ ಬಳಿ, ಮನೆಗೆ ಇನ್ನು ಸುಮಾರು 75 ಕಿ.ಮೀ. ಇರುವಾಗ, ನಸುಕಿನ ನಾಲ್ಕೂವರೆಗೆ ಕಾರು ರಸ್ತೆಯ ಅಂಚಿನಲ್ಲಿ ದೀಪವಿಲ್ಲದೆ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಹೋಗಿ ಬಡಿಯಿತು. ಬ್ರೇಕ್ ಹಾಕಿದ ಗುರುತು ರಸ್ತೆಯ ಮೇಲೆ ಇರಲಿಲ್ಲ. ಕಣ್ಣು ಮುಚ್ಚಿತ್ತೆಂಬುದು ಅದರಿಂದಲೇ ತಿಳಿಯಿತು. ತಮ್ಮನ ಹೆಂಡತಿಗೆ ಎಚ್ಚರವಿತ್ತು. ವಾಹನಗಳು ನಿಧಾನಿಸಿ, ನೋಡಿ, ಮುಂದೆ ಹೋಗುವುದನ್ನು ಅವರು ಸುಮಾರು ನಲವತ್ತು ನಿಮಿಷ ನೋಡಿದರು. ಕೊನೆಗೆ ನಿಂತವನು ಮೋಟಾರ್ ಸೈಕಲಿಗೆ ಕ್ಯಾನು ಕಟ್ಟಿಕೊಂಡು ಹೊರಟಿದ್ದ ಹಾಲಿನವನು. ಅವನೇ ಟೆಂಪೊ ಅಡ್ಡಗಟ್ಟಿ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದ, ತಮ್ಮನ ಫೋನಿನಲ್ಲಿ ಕೊನೆಯದಾಗಿ ಕರೆ ಹೋಗಿದ್ದ ನಂಬರಿಗೆ ಫೋನ್ ಮಾಡಿದ. ಹೆಂಡತಿ ಉಳಿದರು, ತಮ್ಮ ಮರುದಿನ ತೀರಿಕೊಂಡ. ಹಾಲಿನವನನ್ನು ಹೇಳಿಕೆಗೆಂದು ಎರಡು ಸಲ ಠಾಣೆಗೆ ಕರೆಸಿ ಅರ್ಧ ದಿನ ಕೂರಿಸಿದರೆಂದು ಆಮೇಲೆ ತಿಳಿಯಿತು.

"ಇಷ್ಟು ವರ್ಷ ಯಾಕ ಹೇಳಲಿಲ್ಲ ಅಕ್ಕಾರ?" ಎಂದು ರೈಲ್ವೆಯವರು ಕೇಳಿದರು.

"ನೀವೆಲ್ಲ ನಗ್ತಾ ಇದ್ರಿ. ನಗೋವಾಗ ಹೇಗೆ ಹೇಳೋದು? ನೀವು ಹೇಳೋದೆಲ್ಲ ಮನೆಗೆ ಬಂದವರ ಕಥೆ. ನನ್ನ ತಮ್ಮ ಬಂದಿದ್ರೆ ಅವನೂ ಇಲ್ಲಿ ಕೂತು ಹದಿನೆಂಟು ಗಂಟೆಯ ಕಥೆ ಹೇಳ್ತಿದ್ದ."

ರಜೆಯ ಲೆಕ್ಕ

ಹೊರನಾಡ ಕನ್ನಡಿಗರಲ್ಲಿ ಈ ಲೆಕ್ಕ ಹಾಕದ ಮನೆಯಿಲ್ಲ. ಹತ್ತು ದಿನದ ರಜೆ. ದಾರಿಯಲ್ಲಿ ರಾತ್ರಿ ತಂಗಿದರೆ ಹೋಗಲು ಎರಡು ದಿನ, ಬರಲು ಎರಡು ದಿನ, ಊರಿನಲ್ಲಿ ಆರೇ ದಿನ. ತಂಗದೆ ಹೊಡೆದರೆ ಎಂಟು ದಿನ. ವಯಸ್ಸಾದ ತಂದೆ ತಾಯಿಯ ಜೊತೆ ಇನ್ನೆರಡು ದಿನ ಎಂಬುದು ಸಣ್ಣ ಆಸೆಯಲ್ಲ. ಲಾಡ್ಜಿನ ಖರ್ಚೂ ಉಳಿಯುತ್ತದೆ. ಈ ಲೆಕ್ಕದಲ್ಲಿ ಖರ್ಚಿನ ಬದಿಗೆ ಬರೆಯದೆ ಬಿಟ್ಟದ್ದು ನಿದ್ದೆ.

ಬೆಳಿಗ್ಗೆ ಎದ್ದು ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನವನ್ನು ಸಂಶೋಧಕರು ಅಳೆದಿದ್ದಾರೆ. ಅದು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವನ ಚುರುಕುತನಕ್ಕೆ ಸಮ. ನಮ್ಮ ದೇಶದ ಕಾನೂನು ವಾಹನ ಓಡಿಸುವವರಿಗೆ ಇಟ್ಟಿರುವ ಮಿತಿ 0.03. ಎಂದರೆ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವರೂ ರಾತ್ರಿ ಎರಡು ಗಂಟೆಯ ಹೊತ್ತಿಗೆ ಕುಡಿದು ಓಡಿಸುವವರ ಸಾಲಿನಲ್ಲಿರುತ್ತಾರೆ. ನಸುಕಿನ ಎರಡರಿಂದ ಐದು ಗಂಟೆ ದೇಹ ತಾನಾಗಿಯೇ ನಿದ್ದೆಗೆ ಎಳೆಯುವ ಹೊತ್ತು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡಿನ ಜೊಂಪಿಗೆ ನೂರ ಹತ್ತು ಮೀಟರ್. ಅಷ್ಟು ದೂರ ಸ್ಟೇರಿಂಗ್ ಹಿಂದೆ ಯಾರೂ ಇಲ್ಲದಂತೆಯೇ ಸರಿ.

ರಸ್ತೆ ಸುಧಾರಿಸಿದರೆ ಅಪಾಯ ತಾನೇ ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹಳೆಯ ರಸ್ತೆಯಲ್ಲಿ ಗುಂಡಿ, ತಿರುವು, ಎದುರು ಬರುವ ಲಾರಿ ಚಾಲಕನನ್ನು ಎಚ್ಚರವಾಗಿ ಇಡುತ್ತಿದ್ದವು. ನೇರವಾದ ನುಣುಪು ರಸ್ತೆ ಕಣ್ಣಿಗೆ ಜೋಗುಳ ಹಾಡುತ್ತದೆ. ನಾಗಪುರ–ಮುಂಬಯಿ ನಡುವಿನ 701 ಕಿ.ಮೀ. ಸಮೃದ್ಧಿ ಮಹಾಮಾರ್ಗದ ಮೊದಲ ಹಂತ 2022ರ ಡಿಸೆಂಬರ್ 11ರಂದು ತೆರೆಯಿತು, ಕೊನೆಯ ಹಂತ 2025ರ ಜೂನ್ 5ರಂದು. ಅದೇ ಮಾರ್ಗದಲ್ಲಿ 2023ರ ಜುಲೈ 1ರ ನಡುರಾತ್ರಿಯ ಬಳಿಕ ಸಿಂಧಖೇಡರಾಜಾ ಸಮೀಪ ನಾಗಪುರದಿಂದ ಪುಣೆಗೆ ಹೊರಟಿದ್ದ ಬಸ್ಸು ಉರುಳಿ ಬೆಂಕಿ ಹತ್ತಿ 25 ಮಂದಿ ಸತ್ತರು. 44ನೇ ಹೆದ್ದಾರಿಯಲ್ಲಿ 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲು ಬಳಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸಿಗೆ ಬೆಂಕಿ ಹತ್ತಿ 19 ಪ್ರಯಾಣಿಕರು ಸುಟ್ಟುಹೋದರು. ಎರಡಕ್ಕೂ ಕಾರಣ ಬೇರೆ ಬೇರೆ, ಹೊತ್ತು ಮಾತ್ರ ಒಂದೇ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗ ಕಾರಣವೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ.

ಕಾಶಿಯ ದಾರಿಯಲ್ಲಿ ನಾಗಪುರ

ಊರಿಗೆ ಹೋಗುವವರ ಮಾತು ಹೀಗಾದರೆ, ಊರಿನಿಂದ ಬರುವವರ ಮಾತು ಇನ್ನೊಂದು. ಕರ್ನಾಟಕದಿಂದ ಸ್ವಂತ ವಾಹನದಲ್ಲಿ ಕಾಶಿ, ಪ್ರಯಾಗಕ್ಕೆ ಹೊರಡುವ ಅನೇಕರು ನಾಗಪುರದ ಮೇಲಿಂದಲೇ ಜಬಲಪುರ, ಕಟನಿ, ಮೈಹರ್, ರೀವಾ ಹಾದು ಹೋಗುತ್ತಾರೆ. ಇದು ಇಂದಿನ ದಾರಿಯಷ್ಟೇ ಅಲ್ಲ. ಮೈಹರ್ ಸಮೀಪದ ಜೂರಾದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕನ್ನಡ ಶಾಸನ ಸಿಕ್ಕಿದೆ. ಹತ್ತನೆಯ ಶತಮಾನದಲ್ಲೇ ಕನ್ನಡ ಅಲ್ಲಿಯವರೆಗೆ ನಡೆದು ಹೋಗಿತ್ತು ಎಂಬುದು ಹೆಮ್ಮೆಯ ಸಂಗತಿ.

2025ರ ಜನವರಿ 13ರಿಂದ ಫೆಬ್ರವರಿ 26ರವರೆಗೆ ಪ್ರಯಾಗದಲ್ಲಿ ನಡೆದ ಮಹಾಕುಂಭದ ಸಮಯದಲ್ಲಿ ಈ ರಸ್ತೆಯ ಮೇಲೆ ಕರ್ನಾಟಕದ ನೋಂದಣಿಯ ವಾಹನಗಳು ಸಾಲುಗಟ್ಟಿದ್ದವು. ಫೆಬ್ರವರಿ 9 ಮತ್ತು 10ರಂದು ಮಧ್ಯಪ್ರದೇಶದಲ್ಲಿ ಜಬಲಪುರದಿಂದ ರೀವಾವರೆಗೆ ನೂರಾರು ಕಿಲೋಮೀಟರ್ ವಾಹನಗಳು ನಿಂತುಬಿಟ್ಟವು. ಇಡೀ ರಾತ್ರಿ ರಸ್ತೆಯಲ್ಲಿ ಕಳೆದವರು ಕಳೆದ ಹೊತ್ತನ್ನು ಮರಳುವಾಗ ವೇಗದಲ್ಲಿ ಹಿಂಪಡೆಯಲು ನೋಡುತ್ತಾರೆ. ಫೆಬ್ರವರಿ 24ರ ನಸುಕಿನಲ್ಲಿ ಜಬಲಪುರ ಜಿಲ್ಲೆಯ ಸಿಹೋರಾ ಬಳಿ, ಕುಂಭಸ್ನಾನ ಮುಗಿಸಿ ಮರಳುತ್ತಿದ್ದ ಗೋಕಾಕದವರ ಜೀಪು ಬಸ್ಸಿಗೆ ಡಿಕ್ಕಿಯಾಗಿ ಆರು ಮಂದಿ ಅಸುನೀಗಿದರು. ಜಬಲಪುರದಿಂದ ಊರಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ನಡುವೆ ಇರುವ ದೊಡ್ಡ ಊರು ನಾಗಪುರ. ಇಲ್ಲಿ ಒಂದು ರಾತ್ರಿ ತಂಗಿ ಎಂದು ಹೇಳಲು ಇಲ್ಲಿನ ಕನ್ನಡಿಗರಿಗಿಂತ ಹತ್ತಿರದವರು ಬೇರೆ ಯಾರಿದ್ದಾರೆ?

ನಿಲ್ಲುವವರಿಗೆ ಕಾನೂನಿನ ಆಸರೆ

ಅಕ್ಕನ ಮಾತಿನಲ್ಲಿ ಎಲ್ಲರನ್ನೂ ಹೆಚ್ಚು ಕಾಡಿದ್ದು ಆ ನಲವತ್ತು ನಿಮಿಷ. ನಿಲ್ಲದೆ ಹೋದವರಲ್ಲಿ ಕೆಟ್ಟವರೇ ಇದ್ದರೆಂದಲ್ಲ, ಪೊಲೀಸು ಕೋರ್ಟಿನ ಭಯ ಇತ್ತು. ಈಗ ಆ ಭಯಕ್ಕೆ ಕಾರಣವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಕಲಂ ಸೇರಿತು. ಗಾಯಾಳುವಿಗೆ ನೆರವಾದವರ ಮೇಲೆ ದಾವೆ ಹೂಡುವಂತಿಲ್ಲ, ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ, ಸಾಕ್ಷಿಯಾಗೆಂದು ಬಲವಂತ ಮಾಡುವಂತಿಲ್ಲ.

ಚಿಕಿತ್ಸೆಗೆ ಹಣವಿಲ್ಲವೆಂಬ ಚಿಂತೆಗೂ ಒಂದಿಷ್ಟು ಪರಿಹಾರ ಬಂದಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಮುಂಗಡವಿಲ್ಲದೆ ಸಿಗಬೇಕು. ಗುದ್ದಿ ಓಡಿಹೋದ ವಾಹನ ಸಿಗದ ಪ್ರಕರಣಗಳಲ್ಲಿ 2022ರ ಏಪ್ರಿಲ್ 1ರಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ಮಾಲೀಕರೇ ಚಾಲಕರಾಗಿದ್ದರೆ ಅವರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಆದರೆ ಆ ಪಾಲಿಸಿಯ ನಾಮಿನಿ ಅಂಕಣವನ್ನು ಖಾಲಿ ಬಿಡುವವರು, ಮದುವೆಗೆ ಮುಂಚೆ ಬರೆದ ಹೆಸರನ್ನು ಬದಲಿಸದವರು ಬೇಕಾದಷ್ಟಿದ್ದಾರೆ. ಕಷ್ಟ ಬಂದ ದಿನ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯುವುದು ಆ ಒಂದು ಸಾಲಿನಿಂದ.

ಗಾಡಿಯಲ್ಲಿಡುವ ಚೀಟಿ

ಆ ರವಿವಾರದ ಬಳಿಕ ಮಿತ್ರರೆಲ್ಲ ಸೇರಿ ಒಂದು ಪುಟದ ಚೀಟಿ ಸಿದ್ಧಪಡಿಸಿಕೊಂಡಿದ್ದಾರೆ. ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ ಅದನ್ನು ಪ್ರತಿಯೊಬ್ಬರೂ ಕಾರಿನಲ್ಲಿ ಕೈಗೆಟಕುವ ಕಡೆ ಇಟ್ಟಿದ್ದಾರೆ. ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ, ಅಪಘಾತವಾದರೆ 1033. ಅದರ ಕೆಳಗೆ ಮನೆಯವರ ಇಬ್ಬರ ನಂಬರು, ರಕ್ತದ ಗುಂಪು, ನಿತ್ಯ ತೆಗೆದುಕೊಳ್ಳುವ ಔಷಧಿ. ಆಮೇಲೆ ನಾಲ್ಕೇ ಸೂಚನೆ. ಗಾಡಿ ಕೆಟ್ಟರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಕೆಂಪು ತ್ರಿಕೋನ ಇಡಿ, ಜನರನ್ನು ಗಾಡಿಯಿಂದ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ನೀರು ಹರಿಯುವ ಸೇತುವೆಗೆ ಇಳಿಯಬೇಡಿ. ರಾತ್ರಿ ಹತ್ತರ ಮೇಲೆ ಓಡಿಸಬೇಡಿ.

ಕೊನೆಯ ಸೂಚನೆಯ ಬಗ್ಗೆ ಸಾಕಷ್ಟು ವಾದ ನಡೆಯಿತು. ರಜೆ ಎಲ್ಲಿಂದ ತರುವುದು ಎಂದು ಎಂಜಿನಿಯರ್ ಕೇಳಿದ್ದು ನ್ಯಾಯವೇ. ಅದಕ್ಕೆ ಉತ್ತರ ಸಿಕ್ಕಿದ್ದು ಬೀದರಿನವರಿಂದ. ವರ್ಷಕ್ಕೆ ಎರಡು ಸಲ ಅವಸರದಲ್ಲಿ ಹೋಗುವ ಬದಲು ಒಂದೇ ಸಲ ನಿಧಾನವಾಗಿ ಹೋಗಬಹುದು, ಇನ್ನೊಂದು ಸಲಕ್ಕೆ ರೈಲಿದೆ. ರೈಲ್ವೆಯವರು ಇದನ್ನು ಜೋರಾಗಿಯೇ ಅನುಮೋದಿಸಿದರು. ಊರಿನಿಂದ ಕಾಶಿಗೆ ಹೊರಟ ನೆಂಟರು, ಪರಿಚಿತರು ನಾಗಪುರ ಹಾದು ಹೋಗುವುದಿದ್ದರೆ ಒಂದು ರಾತ್ರಿ ಮಲಗಲು ತಮ್ಮ ಮನೆಗಳಲ್ಲಿ ಸರದಿಯಂತೆ ಕೋಣೆ ಬಿಟ್ಟುಕೊಡಲು ಮೂರು ಮನೆಯವರು ಮುಂದೆ ಬಂದಿದ್ದಾರೆ. ಬೆಳಗಿನ ತಿಂಡಿಯ ಹೊಣೆಯನ್ನು ಹೋಟೆಲಿನವರು ಕೇಳದೆಯೇ ಹೊತ್ತುಕೊಂಡಿದ್ದಾರೆ. ಇತರ ನಗರಗಳ ಕನ್ನಡ ಸಂಘಗಳ ಸದಸ್ಯರೂ ತಮ್ಮ ತಮ್ಮ ಊರಿನ ಹೆದ್ದಾರಿಗೆ ತಕ್ಕಂತೆ ಇಂಥ ಚೀಟಿ, ಇಂಥ ಕೋಣೆ ಏರ್ಪಡಿಸಿಕೊಂಡರೆ ಕಷ್ಟದ ಕೆಲಸವೇನಲ್ಲ.

ಎಂಜಿನಿಯರ್ ಮುಂದಿನ ಸಲ ಊರಿನಿಂದ ಮರಳುವಾಗ ಕರ್ನೂಲಿನಲ್ಲಿ ರಾತ್ರಿ ತಂಗಿದ. ಲಾಡ್ಜಿನಿಂದ ಅಕ್ಕನಿಗೆ ಫೋನ್ ಮಾಡಿ, ನಾಳೆ ಸಂಜೆ ಬರುತ್ತೇನೆ, ತಿಂಡಿಗೆ ಅಲ್ಲ ಊಟಕ್ಕೆ ಎಂದು ಹೇಳಿದ. ಮರುದಿನ ಸಂಜೆ ಏಳಕ್ಕೆ ಮನೀಶ್ ನಗರದ ಸೇತುವೆ ಇಳಿದ.